ಯಾರನ್ನು ಹಚ್ಚಿಕೊಂಡಿದೆ?

ಎಳೆಯ ಮಗುವಿರುವ ಮನೆಗೆ ಹೋದವರ ಕಿವಿಗೆ ಬೀಳದೆ ಇರದ ಮಾತೊಂದಿದೆ. 'ಅಜ್ಜೀನ ತುಂಬ ಹಚ್ಚಿಕೊಂಡಿದೆ', 'ಅವರಪ್ಪನ್ನ ಭಾಳ ಹಚ್ಚಿಕೊಂಡೈತಿ', 'ಕೆಲಸದ ಹುಡುಗೀನ ಎಷ್ಟು ಹಚ್ಚಿಕೊಂಡಿದೆ ಅಂದ್ರೆ ಅವಳು ರಜ ಹಾಕಿದ ದಿನ ಊಟಾನೇ ಮಾಡಲ್ಲ'. ಊರು ಬದಲಾದರೆ ಉಚ್ಚಾರ ಬದಲಾಗುತ್ತದೆ, ಕ್ರಿಯಾಪದ ಬದಲಾಗುವುದಿಲ್ಲ. ಮನೋವಿಜ್ಞಾನ 'ಅಟ್ಯಾಚ್‌ಮೆಂಟ್' ಎಂದು ಹೆಸರಿಟ್ಟು ಆರೇಳು ದಶಕಗಳಿಂದ ನೋಡುತ್ತ ಬಂದಿರುವುದು ಈ ಮಾತು ಹೇಳುವ ಸಂಗತಿಯನ್ನೇ. ಆದರೂ ಆ ಶಾಸ್ತ್ರವನ್ನು ಕನ್ನಡಕ್ಕೆ ತರುವವರು ಬಾಂಧವ್ಯ, ಅನುಬಂಧ, ಒಮ್ಮೊಮ್ಮೆ ಲಗತ್ತು ಎಂದೂ ಬರೆಯುತ್ತಾರೆ. ಬಾಂಧವ್ಯ ಬಂಧುಗಳಿಗೆ ಸೇರಿದ ಮಾತು. ಅನುಬಂಧ ಪುಸ್ತಕದ ಕೊನೆಯ ಪುಟಗಳಲ್ಲಿದೆ. ಲಗತ್ತು ಕಚೇರಿಯ ಕಡತದಲ್ಲಿದೆ. ಹಚ್ಚಿಕೊಳ್ಳು ಎಂಬುದು ಮಾತ್ರ ಪಡಸಾಲೆಯಲ್ಲೇ ಉಳಿದುಬಿಟ್ಟಿದೆ. ಈ ಪದ ನಡೆದುಬಂದ ದಾರಿಯನ್ನು ನೋಡಿದರೆ, ಶಾಸ್ತ್ರ ಬಹಳ ಕಷ್ಟಪಟ್ಟು ತಲುಪಿದ ಕೆಲವು ತೀರ್ಮಾನಗಳು ಅದರ ವ್ಯಾಕರಣದಲ್ಲೇ ಕೂತಿರುವುದು ಕಾಣುತ್ತದೆ.

ಹಚ್ಚು ಎಂದರೆ ಹತ್ತುವಂತೆ ಮಾಡು. ಹತ್ತು ಎಂಬುದು ಹಳಗನ್ನಡದ ಪತ್ತು. ಹಾಲು ಪಾಲಾಗಿದ್ದ, ಹುಲಿ ಪುಲಿಯಾಗಿದ್ದ ಕಾಲದ ಮಾತು ಅದು. ಪಕಾರ ಹಕಾರವಾಗುವ ಬದಲಾವಣೆ ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಕಾಣತೊಡಗಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಭಾಷೆಯನ್ನೆಲ್ಲ ಆವರಿಸಿತು. ತುಳುವಿನಲ್ಲಿ ಆ ಬದಲಾವಣೆ ಆಗಲಿಲ್ಲ, ಅಲ್ಲಿ ಪತ್ತುನಿ ಎಂದರೆ ಇವತ್ತಿಗೂ ಹಿಡಿಯುವುದು. ತಮಿಳಿನಲ್ಲಿ ಇದೇ ಪದ ಪಱ್ಱು, ತೆಲುಗಿನಲ್ಲಿ ಪಟ್ಟು. ಮಲಯಾಳದಲ್ಲಿ ಅದು ಹಿಡಿಯುವುದನ್ನೂ ಅಂಟುವುದನ್ನೂ ದಾಟಿ 'ಆಗುತ್ತದೆ, ಸಾಧ್ಯ' ಎಂಬ ಅರ್ಥಕ್ಕೆ ಹೋಗಿ ನಿಂತಿದೆ; 'ಪಟ್ಟಿಲ್ಲ' ಎಂದು ಮಲಯಾಳಿ ಗೆಳೆಯ ಹೇಳಿದರೆ ಆಗುವುದಿಲ್ಲ ಎಂದರ್ಥ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ ಇವೆಲ್ಲವನ್ನೂ ಒಂದೇ ಗುಂಪಿಗೆ ಸೇರಿಸುತ್ತದೆ. ಅಂಕಿಯ ಹತ್ತು ಬೇರೆ. ತಮಿಳು ಅದನ್ನು ತಕಾರದಲ್ಲಿ ಪತ್ತು ಎಂದು ಬರೆದು, ಹಿಡಿಯುವ ಪಱ್ಱುವನ್ನು ಬೇರೆ ಅಕ್ಷರದಲ್ಲಿ ಇಟ್ಟುಕೊಂಡಿದೆ. ಕನ್ನಡದಲ್ಲಿ ಆ ಎರಡು ಧ್ವನಿಗಳು ಕೂಡಿಹೋದದ್ದರಿಂದ ಸಂಖ್ಯೆಯೂ ಕ್ರಿಯೆಯೂ ಒಂದೇ ವೇಷದಲ್ಲಿವೆ. ತರಕಾರಿ ಹಚ್ಚುವ ಹಚ್ಚೂ ಬೇರೆ, ಅದು ಭಾಗ ಮಾಡುವುದು. ಮೈಮೇಲಿನ ಹಚ್ಚೆಯೂ ಬೇರೆ, ಅದು ಹಸಿರು ಬಣ್ಣದ ಪಚ್ಚೆ.

ನಮ್ಮ ಹತ್ತುವಿನ ಸಂಸಾರ ದೊಡ್ಡದು. ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ರುಚಿ ಹತ್ತುತ್ತದೆ, ಚಟ ಹತ್ತುತ್ತದೆ. ಉಂಡದ್ದು ಮೈಗೆ ಹತ್ತಬೇಕು, ಓದಿದ್ದು ತಲೆಗೆ ಹತ್ತಬೇಕು. ಮರ ಹತ್ತುವುದೂ ಇದೇ: ಕಾಂಡವನ್ನು ತೋಳಿನಿಂದ ಹಿಡಿದು ಮೈಯನ್ನು ಅಂಟಿಸಿಕೊಳ್ಳದೆ ಮರ ಏರಲು ಬರುವುದಿಲ್ಲ, ಆ ಹಿಡಿತದಿಂದಲೇ ಏರುವ ಅರ್ಥ ಬಂದಿದೆ. ಉತ್ತರ ಕರ್ನಾಟಕದಲ್ಲಿ 'ಕೂಸು ಅಳಾಕ ಹತ್ತೈತಿ' ಎನ್ನುವಾಗ ಈ ಹತ್ತು ನಡೆಯುತ್ತಿರುವ ಕಾಲವನ್ನೇ ಹೇಳುವ ಸಹಾಯಕ ಕ್ರಿಯೆಯಾಗಿದೆ. ಹತ್ತಿರ ಎಂಬ ಪದವನ್ನೂ ನಿಘಂಟುಕಾರರು ಈ ಮನೆತನಕ್ಕೇ ಸೇರಿಸುತ್ತಾರೆ. ಮುಟ್ಟುವಷ್ಟು, ಹಿಡಿಯುವಷ್ಟು ಸಮೀಪದಲ್ಲಿರುವುದು ಹತ್ತಿರ. ಹಳಗನ್ನಡದಲ್ಲಿ ಪತ್ತುಗೆ ಎಂಬ ನಾಮಪದವೂ ಇತ್ತು, ಸೇರಿಕೆ, ನಂಟು ಎಂಬ ಅರ್ಥದಲ್ಲಿ. ಅದು ಉಳಿಯಲಿಲ್ಲ. ಉಳಿದದ್ದು ಕ್ರಿಯಾಪದ.

ಮಗುವಿನ ವಿಷಯದಲ್ಲಿ ಈ ಧಾತು ಎರಡು ಸಲ ಕೆಲಸಕ್ಕೆ ಬರುತ್ತದೆ. ಮೊದಲು ಗುರುತು ಹತ್ತುತ್ತದೆ. ಮೂರು ತಿಂಗಳ ಕೂಸು ಎತ್ತಿಕೊಂಡವರಿಗೆಲ್ಲ ನಗುತ್ತದೆ. ಏಳೆಂಟು ತಿಂಗಳಿಗೆ ಅದೇ ಕೂಸು ಪಕ್ಕದ ಮನೆಯವರು ಕೈ ಚಾಚಿದರೆ ಮುಖ ತಿರುಗಿಸಿ ತಾಯಿಯ ಕೊರಳು ತಬ್ಬುತ್ತದೆ. 'ಈಗ ಗುರುತು ಹತ್ತುತ್ತೆ, ಯಾರ ಹತ್ತಿರಾನೂ ಹೋಗಲ್ಲ' ಎಂದು ಮನೆಯವರು ಹೇಳುವುದು ಆಗಲೇ. ಗುರುತು ಹತ್ತಿದ ಮೇಲೆ ಹಚ್ಚಿಕೊಳ್ಳುವುದು. ಈ ಕ್ರಮ ಸರಿಯಾದದ್ದು. ಮಗು ನಿರ್ದಿಷ್ಟವಾಗಿ ಒಬ್ಬರನ್ನೋ ಕೆಲವರನ್ನೋ ಆರಿಸಿಕೊಂಡು ಅವರ ಸಮೀಪಕ್ಕಾಗಿ ಹಂಬಲಿಸುವ ಹಂತ ಸುಮಾರು ಆರೇಳು ತಿಂಗಳಿಗೆ ಮೊದಲಾಗುತ್ತದೆ ಎಂದು ಶಾಸ್ತ್ರವೂ ಹೇಳುತ್ತದೆ.

ಹಚ್ಚಿಕೊಳ್ಳು ಎಂಬುದರ ರಚನೆಯನ್ನೂ ನೋಡಬೇಕು. ಗಂಧ ಹಚ್ಚಿಕೊಂಡ, ವಿಭೂತಿ ಹಚ್ಚಿಕೊಂಡ, ಅರಿಶಿನ ಹಚ್ಚಿಕೊಂಡಳು, ಅಜ್ಜಿಯನ್ನು ಹಚ್ಚಿಕೊಂಡಿತು. ನಾಲ್ಕರಲ್ಲೂ ವಾಕ್ಯದ ಕಟ್ಟು ಒಂದೇ. ಕೊಳ್ಳು ಎಂಬ ಸಹಾಯಕ ಕ್ರಿಯೆ ತನಗಾಗಿ, ತನ್ನ ಮೇಲೆ, ತಾನೇ ಮಾಡುವುದನ್ನು ಹೇಳುತ್ತದೆ. ಮಗು ಕರ್ತೃ, ಅಜ್ಜಿ ದ್ವಿತೀಯಾ ವಿಭಕ್ತಿಯಲ್ಲಿದ್ದಾಳೆ. ಎರಡು ಹಲ್ಲು ಬಂದಿರುವ, ಇನ್ನೂ ಒಂದು ಮಾತೂ ಬಾರದ ಕೂಸನ್ನು ಕನ್ನಡ ಈ ಸಂಬಂಧವನ್ನು ಮಾಡುವವನ ಜಾಗದಲ್ಲಿ ಕೂರಿಸಿದೆ. ಅಜ್ಜಿ ಪ್ರೀತಿಸಿದಳು, ಮುದ್ದಿಸಿದಳು, ಅಕ್ಕರೆ ತೋರಿದಳು ಎಂಬುದಕ್ಕೆಲ್ಲ ಬೇರೆ ಪದಗಳಿವೆ. ಹಚ್ಚಿಕೊಳ್ಳುವುದು ಮಗುವಿನ ಕೆಲಸ.

ಇಂಗ್ಲಿಷಿನ ಪದ ಬಂದ ದಾರಿ ಇದಕ್ಕೆ ಪೂರ್ತಿ ಬೇರೆ. ಅಟ್ಯಾಚ್ ಎಂಬುದು ಹಳೆಯ ಫ್ರೆಂಚ್‌ನಿಂದ ಬಂದದ್ದು, ಅದರ ಹಿಂದೆ ಗೂಟ ಎಂಬ ಅರ್ಥದ ಪದವಿದೆ. ಗೂಟಕ್ಕೆ ಕಟ್ಟುವುದು ಮೂಲ ಭಾವ. ಇಂಗ್ಲಿಷಿಗೆ ಬಂದಾಗ ಮೊದಲು ಸೇರಿದ್ದು ಕಾನೂನಿಗೆ: ಆಳನ್ನು ಹಿಡಿದು ತರುವುದು, ಆಸ್ತಿಯನ್ನು ವಶಪಡಿಸಿಕೊಳ್ಳುವುದು. ನಮ್ಮ ನ್ಯಾಯಾಲಯಗಳಲ್ಲಿ ಸಾಲಗಾರನ ಆಸ್ತಿ 'ಅಟ್ಯಾಚ್' ಆಯಿತು ಎನ್ನುವಾಗ, ಕನ್ನಡದಲ್ಲಿ ಜಪ್ತಿ ಎನ್ನುವಾಗ, ಆ ಹಳೆಯ ಅರ್ಥವೇ ಬದುಕಿದೆ. ಮಮತೆಯ ಅರ್ಥ ಹದಿನೆಂಟನೆಯ ಶತಮಾನದ್ದು. ಮಗು–ತಾಯಿಯ ಸಂಬಂಧಕ್ಕೆ ಅದನ್ನು ಪಾರಿಭಾಷಿಕ ಪದವಾಗಿ ನಿಲ್ಲಿಸಿದವರು ಬ್ರಿಟಿಷ್ ಮನೋವೈದ್ಯ ಜಾನ್ ಬೋಲ್ಬಿ.

ಬೋಲ್ಬಿ ಹುಟ್ಟಿದ್ದು 1907ರಲ್ಲಿ, ಲಂಡನ್ನಿನ ಅನುಕೂಲಸ್ಥ ಮನೆಯಲ್ಲಿ. ಆ ವರ್ಗದ ಪದ್ಧತಿಯಂತೆ ಮಕ್ಕಳು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ತಾಯಿಯನ್ನು ಕಾಣುತ್ತಿದ್ದರು, ಉಳಿದ ಹೊತ್ತು ದಾದಿಯರ ಜೊತೆ. ಅವರು ಹಚ್ಚಿಕೊಂಡಿದ್ದ ಮಿನಿ ಎಂಬ ದಾದಿ ಅವರಿಗೆ ನಾಲ್ಕು ವರ್ಷವಾಗಿದ್ದಾಗ ಕೆಲಸ ಬಿಟ್ಟು ಹೋದಳು. ಮುಂದೆ ವೈದ್ಯರಾಗಿ ಕಂಡ ಮಕ್ಕಳಲ್ಲೂ ಅವರು ಮೊದಲು ವಿಚಾರಿಸಿದ್ದು ಇಂಥ ಅಗಲಿಕೆಯನ್ನೇ. 1944ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಳ್ಳತನಕ್ಕೆ ಬಿದ್ದ 44 ಮಕ್ಕಳನ್ನು ಪರಿಶೀಲಿಸಿ, ಅವರಲ್ಲಿ ಯಾರ ಮೇಲೂ ಒಲವಿಲ್ಲದಂತಿದ್ದವರ ಬಾಲ್ಯದಲ್ಲಿ ತಾಯಿಯಿಂದ ದೀರ್ಘ ಅಗಲಿಕೆ ಇದ್ದುದನ್ನು ಗುರುತಿಸಿದರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ, ಯುದ್ಧದಿಂದ ಮನೆಯಿಲ್ಲದಂತಾದ ಮಕ್ಕಳ ಕುರಿತ ವರದಿ ಬರೆದರು.

ಆಗ ಚಾಲ್ತಿಯಲ್ಲಿದ್ದ ಪದ ಅವಲಂಬನೆ. ಮಗು ತಾಯಿಯ ಹಿಂದೆ ಹೋಗುವುದು ಹಾಲಿಗಾಗಿ, ಹಾಲು ಕೊಡುವವಳಾದ್ದರಿಂದ ತಾಯಿ ಬೇಕಾಗುತ್ತಾಳೆ ಎಂದು ಫ್ರಾಯ್ಡನ ಅನುಯಾಯಿಗಳೂ, ಅವರನ್ನು ಕಂಡರಾಗದ ವರ್ತನಾವಾದಿಗಳೂ ಒಟ್ಟಾಗಿ ನಂಬಿದ್ದರು. ಬೋಲ್ಬಿಗೆ ಇದು ಒಪ್ಪಿಗೆಯಾಗಲಿಲ್ಲ. ಹುಟ್ಟಿದ ದಿನವೇ ಮಗು ಪೂರ್ತಿ ಅವಲಂಬಿತ, ಆದರೆ ಆ ದಿನ ಅದು ಯಾರನ್ನೂ ಹಚ್ಚಿಕೊಂಡಿರುವುದಿಲ್ಲ. 1958ರ ಅವರ ಪ್ರಬಂಧದ ಶೀರ್ಷಿಕೆಯಲ್ಲಿ ಇನ್ನೂ 'ಟೈ' ಎಂಬ ಪದವೇ ಇತ್ತು. ಅದರಲ್ಲಿ ಅವರು ಮಗುವಿನ ಐದು ಹುಟ್ಟುನಡೆಗಳನ್ನು ಹೆಸರಿಸಿದರು: ಚೀಪುವುದು, ತಬ್ಬಿ ಹಿಡಿಯುವುದು, ಹಿಂಬಾಲಿಸುವುದು, ಅಳುವುದು, ನಗುವುದು. ಇವೆಲ್ಲ ತಾಯಿಯನ್ನು ಹತ್ತಿರ ಇಟ್ಟುಕೊಳ್ಳುವುದಕ್ಕೆ ಮಗು ಮಾಡುವ ಕೆಲಸಗಳು. ಹಿಂಬಾಲಿಸುವುದಕ್ಕೆ ಕನ್ನಡದಲ್ಲಿ ಬೆನ್ನು ಹತ್ತುವುದು ಎನ್ನುತ್ತೇವೆ. 1969ರಿಂದ 1980ರವರೆಗೆ ಮೂರು ಸಂಪುಟಗಳಲ್ಲಿ ಬಂದ ಅವರ ಮಹಾಗ್ರಂಥದ ಹೊತ್ತಿಗೆ ಅಟ್ಯಾಚ್‌ಮೆಂಟ್ ಗಟ್ಟಿಯಾಗಿ ನೆಲೆಯೂರಿತ್ತು.

ಹಾಲಿನ ವಾದ ಮುರಿದುಬಿದ್ದದ್ದು ಅದೇ 1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೋ ವರದಿ ಮಾಡಿದ ಪ್ರಯೋಗಗಳಿಂದ. ತಾಯಿಯಿಂದ ಬೇರ್ಪಡಿಸಿದ ರೀಸಸ್ ಮಂಗದ ಮರಿಗಳಿಗೆ ಎರಡು ಬೊಂಬೆಗಳನ್ನು ಕೊಟ್ಟಿದ್ದರು, ಒಂದು ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ಹಾಲಿನ ಸೀಸೆ ತಂತಿಯ ಬೊಂಬೆಯಲ್ಲಿದ್ದರೂ ಮರಿಗಳು ಕುಡಿದು ಬಂದು ದಿನದ ಬಹುಪಾಲು ಬಟ್ಟೆಯ ಬೊಂಬೆಯನ್ನೇ ಅಪ್ಪಿಕೊಂಡಿದ್ದವು. ಆ ಮರಿಗಳು ಮುಂದೆ ಅನುಭವಿಸಿದ ದುರ್ಗತಿಯನ್ನು ನೆನೆದರೆ ಇಂಥ ಪ್ರಯೋಗ ಇನ್ನೊಮ್ಮೆ ನಡೆಯಬಾರದು ಎನ್ನುವವರ ಪಕ್ಷದಲ್ಲಿ ನಾನಿದ್ದೇನೆ. ಆದರೆ ಅದು ತೋರಿಸಿದ್ದನ್ನು ಮರೆಯಲಾಗದು. ನಮ್ಮ ಬಾಣಂತಿ ಮನೆಗಳಲ್ಲಿ ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಬೆಚ್ಚಗಿನ ಎಣ್ಣೆ ಹಚ್ಚಿ ನೀವಿ ನೀರೆರೆಯುವ ಅಜ್ಜಿಗೆ ಎದೆಹಾಲಿಲ್ಲ. ಕೂಸು ಅವಳನ್ನು ಹಚ್ಚಿಕೊಳ್ಳುತ್ತದೆ. ಎಣ್ಣೆಗೂ ಅಜ್ಜಿಗೂ ಒಂದೇ ಕ್ರಿಯಾಪದ ಬಳಸಿದ ಜನ ಸ್ಪರ್ಶದ ಮಹತ್ವವನ್ನು ಅರಿತಿದ್ದರು ಎಂದೇ ನನ್ನ ಎಣಿಕೆ.

ಬೋಲ್ಬಿಯ ವಿಚಾರಕ್ಕೆ ಕಣ್ಣಾರೆ ಕಂಡ ಆಧಾರ ಕೊಟ್ಟವರು ಮೇರಿ ಏನ್ಸ್‌ವರ್ತ್. ಅಮೆರಿಕದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಈಕೆ ಲಂಡನ್ನಿನಲ್ಲಿ ಬೋಲ್ಬಿ ಜೊತೆ ಕೆಲಸ ಮಾಡಿ, 1954ರಲ್ಲಿ ಉಗಾಂಡಾಕ್ಕೆ ಹೋದರು. ಕಂಪಾಲಾದ ಸುತ್ತಲಿನ ಹಳ್ಳಿಗಳಲ್ಲಿ ಗಂಡಾ ಜನರ 26 ಮನೆಗಳಿಗೆ ಮತ್ತೆ ಮತ್ತೆ ಹೋಗಿ, 28 ಶಿಶುಗಳನ್ನು ಅವುಗಳ ಮನೆಯಲ್ಲೇ, ಅವುಗಳ ದಿನಚರಿಯಲ್ಲೇ ನೋಡಿದರು. ಹಾಲು ಬಿಡಿಸುವಾಗ ಮಗುವನ್ನು ಅಜ್ಜಿಯ ಮನೆಗೆ ಕಳಿಸುವ ರೂಢಿ ಅಲ್ಲಿತ್ತೆಂದು ಕೇಳಿ, ಆ ಅಗಲಿಕೆಯ ಪರಿಣಾಮ ಅರಿಯಲು ಹೊರಟವರು ಅವರು. ಆ ರೂಢಿ ಆ ಹೊತ್ತಿಗೆ ಬಹಳ ಮಟ್ಟಿಗೆ ಕಡಿಮೆಯಾಗಿತ್ತು. (ನಮ್ಮಲ್ಲೂ ಹಾಲು ಬಿಡಿಸುವಾಗ ನಾಲ್ಕು ದಿನ ಅಜ್ಜಿಯ ಮನೆಗೆ ಕಳಿಸುವುದಿದೆ, ಎದೆಗೆ ಬೇವಿನ ರಸ ಹಚ್ಚುವುದಿದೆ.) ಹೋದದ್ದು ಒಂದಕ್ಕೆ, ಕಂಡದ್ದು ಇನ್ನೊಂದು. ಅಂಬೆಗಾಲಿಡುವ ಕೂಸು ತಾಯಿಯನ್ನು ಬಿಟ್ಟು ಅಂಗಳದವರೆಗೆ ಹೋಗುತ್ತದೆ, ತಿರುಗಿ ನೋಡುತ್ತದೆ, ಬಂದು ಮುಟ್ಟಿ ಮತ್ತೆ ಹೋಗುತ್ತದೆ. ತಾಯಿ ಎದ್ದು ಒಳಗೆ ಹೋದರೆ ಆಟ ನಿಲ್ಲುತ್ತದೆ. ಹಚ್ಚಿಕೊಂಡ ಮಗು ಜೋತುಬಿದ್ದಿರುವ ಮಗು ಎಂಬ ಎಣಿಕೆಗೆ ಇದು ನೇರ ಉತ್ತರ: ಚೆನ್ನಾಗಿ ಹಚ್ಚಿಕೊಂಡದ್ದರಿಂದಲೇ ಅದು ದೂರ ಹೋಗಬಲ್ಲದು. ಗೂಟಕ್ಕೆ ಕಟ್ಟುವ ಪದ ಇದನ್ನು ಹೇಳಲಾರದು. ಉಗಾಂಡಾದ ಈ ಅಧ್ಯಯನ ಪುಸ್ತಕವಾಗಿ ಬಂದದ್ದು 1967ರಲ್ಲಿ.

ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಏನ್ಸ್‌ವರ್ತ್ ಇನ್ನೂ 26 ಕುಟುಂಬಗಳನ್ನು ಮಗುವಿನ ಮೊದಲ ವರ್ಷವಿಡೀ ನೋಡಿದರು. ಮೂರು ವಾರಕ್ಕೊಮ್ಮೆ ಭೇಟಿ, ಪ್ರತಿ ಭೇಟಿ ಸುಮಾರು ನಾಲ್ಕು ಗಂಟೆ. ಮಕ್ಕಳಿಗೆ ಒಂದು ವರ್ಷವಾದಾಗ ಅವರನ್ನು ಪ್ರಯೋಗಾಲಯದ ಕೋಣೆಗೆ ಕರೆತಂದು ಇಪ್ಪತ್ತು ನಿಮಿಷದ ಪರೀಕ್ಷೆಯೊಂದನ್ನು ನಡೆಸಿದರು. ತಾಯಿ–ಮಗು ಆಟಿಕೆಗಳಿರುವ ಕೋಣೆಯಲ್ಲಿರುತ್ತಾರೆ, ಅಪರಿಚಿತ ಹೆಂಗಸೊಬ್ಬಳು ಬರುತ್ತಾಳೆ, ತಾಯಿ ಹೊರಹೋಗುತ್ತಾಳೆ, ಹಿಂದಿರುಗುತ್ತಾಳೆ, ಇನ್ನೊಮ್ಮೆ ಹೋಗುತ್ತಾಳೆ, ಬರುತ್ತಾಳೆ. ಮಗು ಅತ್ತಿತೇ ಇಲ್ಲವೇ ಎಂಬುದು ಮುಖ್ಯವಲ್ಲ, ತಾಯಿ ಮರಳಿದಾಗ ಏನು ಮಾಡಿತು ಎಂಬುದು ಮುಖ್ಯ. ಹೆಚ್ಚಿನವು ತಾಯಿಯ ಬಳಿ ಹೋಗಿ, ಎತ್ತಿಸಿಕೊಂಡು, ಸಮಾಧಾನಗೊಂಡು ಆಟಕ್ಕೆ ಮರಳಿದವು. ಕೆಲವು ತಾಯಿ ಬಂದದ್ದನ್ನು ಕಂಡೂ ಕಾಣದಂತೆ ಆಟಿಕೆ ನೋಡುತ್ತಿದ್ದವು. ಇನ್ನು ಕೆಲವು ಎತ್ತಿಕೋ ಎಂದು ಅತ್ತು, ಎತ್ತಿಕೊಂಡರೆ ಒದ್ದು, ಸಮಾಧಾನವನ್ನೇ ಕಾಣಲಿಲ್ಲ. ಈ ಗುಂಪುಗಳಿಗೆ ಅವರು ಕೊಟ್ಟದ್ದು ಎ, ಬಿ, ಸಿ ಎಂಬ ಅಕ್ಷರಗಳನ್ನಷ್ಟೇ. ಬಿ ಸುಭದ್ರವಾಗಿ ಹಚ್ಚಿಕೊಂಡದ್ದು, ಎ ದೂರ ಸರಿಯುವುದು, ಸಿ ಬೇಕೂ ಬೇಡವೂ ಎಂದು ಹೊಯ್ದಾಡುವುದು. ಯಾವ ಕ್ರಮಕ್ಕೂ ಸಿಗದ ಮಕ್ಕಳನ್ನು ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ 1980ರ ದಶಕದಲ್ಲಿ ಡಿ ಎಂದು ಗುರುತಿಸಿದರು. ಎತ್ತಿಕೊಳ್ಳಬೇಕಾದ ವ್ಯಕ್ತಿಯೇ ಹೆದರಿಕೆಯ ಮೂಲವೂ ಆಗಿರುವ ಮನೆಗಳ ಮಕ್ಕಳು ಅವರಲ್ಲಿ ಹಲವರು.

ಎ ಗುಂಪಿನ ಮಕ್ಕಳ ಬಳಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ನೋಡುವವರಿಗೆ ಅವು ಗಟ್ಟಿ ಮಕ್ಕಳಂತೆ, ರಗಳೆಯಿಲ್ಲದ ಮಕ್ಕಳಂತೆ ಕಾಣುತ್ತವೆ. ಸ್ರೂಫ್ ಮತ್ತು ವಾಟರ್ಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನ ಎದೆಬಡಿತವನ್ನು ಅಳೆದಾಗ ಅವುಗಳ ಒಳಗೂ ಕಳವಳ ಇರುವುದು ತಿಳಿಯಿತು. ಮುಖ ಮಾತ್ರ ಸುಮ್ಮನಿತ್ತು. ಇದಕ್ಕಿಂತ ಮೊದಲೇ ಬೋಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಹೀಗೆ ಸುಮ್ಮನಾಗುವುದರ ಬಗ್ಗೆ ಎಚ್ಚರಿಸಿದ್ದರು. 1952ರ ಅವರ ಚಿತ್ರ, ಎರಡು ವರ್ಷ ಐದು ತಿಂಗಳ ಲಾರಾ ಎಂಬ ಹುಡುಗಿ ಹರ್ನಿಯಾ ಶಸ್ತ್ರಚಿಕಿತ್ಸೆಗಾಗಿ ಲಂಡನ್ನಿನ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದುದನ್ನು ತೋರಿಸುತ್ತದೆ. ಆಗಿನ ಬ್ರಿಟಿಷ್ ಆಸ್ಪತ್ರೆಗಳಲ್ಲಿ ತಾಯಂದಿರು ಉಳಿಯುವಂತಿರಲಿಲ್ಲ. ಇಂಥ ಮಕ್ಕಳು ಮೊದಲು ಪ್ರತಿಭಟಿಸುತ್ತವೆ, ಆಮೇಲೆ ಹತಾಶವಾಗುತ್ತವೆ, ಕೊನೆಗೆ ತಾಯಿ ಬಂದರೂ ಬೇಡವೆಂಬಂತೆ ಇರುತ್ತವೆ. ದಾದಿಯರು ಈ ಕೊನೆಯದನ್ನು ಹೊಂದಿಕೊಂಡಿತು ಎಂದು ಬರೆದುಕೊಳ್ಳುತ್ತಿದ್ದರು. 1959ರ ಪ್ಲ್ಯಾಟ್ ವರದಿ ಮಕ್ಕಳ ವಾರ್ಡಿಗೆ ತಂದೆತಾಯಿ ಯಾವಾಗ ಬೇಕಾದರೂ ಬರುವಂತಿರಬೇಕು ಎಂದು ಶಿಫಾರಸು ಮಾಡಿದ್ದರ ಹಿಂದೆ ಈ ಚಿತ್ರದ ಒತ್ತಾಸೆಯಿದೆ. ಅಳು ನಿಲ್ಲಿಸಿದ ಮಗುವನ್ನು ಹೊಂದಿಕೊಂಡಿತು ಎಂದು ನಾವೂ ಹೇಳುತ್ತೇವೆ, ಶಿಶುವಿಹಾರದ ಬಾಗಿಲಲ್ಲಿ. ಹೊಂದಿಕೊಳ್ಳುವುದು ಬೇರೆ, ಅಲ್ಲಿರುವ ಟೀಚರನ್ನು ಹಚ್ಚಿಕೊಳ್ಳುವುದು ಬೇರೆ.

ಎ, ಬಿ, ಸಿ ಪ್ರಪಂಚ ಸುತ್ತಿದಾಗ ತೊಡಕೂ ಬಂತು. ಉತ್ತರ ಜರ್ಮನಿಯ ಬೀಲೆಫೆಲ್ಟ್‌ನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಎ ಗುಂಪಿಗೆ ಬಿದ್ದವು. ಅಲ್ಲಿ ಮಗು ಬೇಗ ಸ್ವಾವಲಂಬಿಯಾಗಲಿ ಎಂದು ಬೆಳೆಸುತ್ತಿದ್ದರು. ಜಪಾನಿನ ಸಪ್ಪೊರೊದಲ್ಲಿ ಸಿ ಹೆಚ್ಚಾಯಿತು. ತಾಯಿಯ ಬೆನ್ನಿನಿಂದ ಇಳಿಯದ, ಒಂಟಿಯಾಗಿ ಕೋಣೆಯಲ್ಲಿದ್ದೇ ಗೊತ್ತಿಲ್ಲದ ಮಕ್ಕಳಿಗೆ, ಪರೀಕ್ಷೆಯಲ್ಲಿ ತಾಯಿ ಹೊರಗಿರುವ ಆ ಮೂರು ನಿಮಿಷ ತಡೆಯಲಾಗಲಿಲ್ಲ. 1988ರಲ್ಲಿ ವಾನ್ ಐಸೆಂಡೋರ್ನ್ ಮತ್ತು ಕ್ರೂನೆನ್‌ಬರ್ಗ್ ಎಂಟು ದೇಶಗಳ 32 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ದೇಶ ದೇಶಗಳ ನಡುವಣ ವ್ಯತ್ಯಾಸಕ್ಕಿಂತ ಒಂದೇ ದೇಶದ ಒಳಗಿನ ವ್ಯತ್ಯಾಸ ಒಂದೂವರೆ ಪಟ್ಟು ಹೆಚ್ಚಿತ್ತು. ಜರ್ಮನರ ಶೈಲಿ, ಜಪಾನಿಯರ ಶೈಲಿ ಎಂದು ಹೇಳಲು ಇದು ಬಿಡುವುದಿಲ್ಲ.

ಅದಕ್ಕಿಂತಲೂ ಮುಖ್ಯವಾದ ಫಲಿತಾಂಶ ಮೇನ್ ಮತ್ತು ವೆಸ್ಟನ್ 1981ರಲ್ಲಿ ಪ್ರಕಟಿಸಿದ್ದು. ಒಂದೇ ಮಗುವನ್ನು ಒಮ್ಮೆ ತಾಯಿಯ ಜೊತೆ, ಬೇರೊಮ್ಮೆ ತಂದೆಯ ಜೊತೆ ಪರೀಕ್ಷಿಸಿದರು. ತಾಯಿಯೊಡನೆ ಎ ಆಗಿದ್ದ ಮಗು ತಂದೆಯೊಡನೆ ಬಿ ಆಗಿರಬಹುದಿತ್ತು. ಅಂದರೆ ಆ ಅಕ್ಷರ ಮಗುವಿನ ಗುಣವಲ್ಲ, ಇಂಥ ಮಗುವಿಗೂ ಇಂಥ ವ್ಯಕ್ತಿಗೂ ನಡುವೆ ನಡೆದಿರುವುದರ ಹೆಸರು. ಕನ್ನಡದ ವ್ಯಾಕರಣ ಕೈಹಿಡಿಯುವುದು ಇಲ್ಲಿಯೇ. ಹಚ್ಚಿಕೊಳ್ಳು ಸಕರ್ಮಕ ಕ್ರಿಯೆ. 'ಮಗು ಹಚ್ಚಿಕೊಂಡಿದೆ' ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳುವವರು ತಕ್ಷಣ 'ಯಾರನ್ನ?' ಎಂದು ಕೇಳುತ್ತಾರೆ. ಅಮ್ಮನನ್ನು ಹಚ್ಚಿಕೊಂಡಿದೆ, ಅಪ್ಪನನ್ನು ಅಷ್ಟು ಹಚ್ಚಿಕೊಂಡಿಲ್ಲ, ಅತ್ತೆಯನ್ನು ಈಗೀಗ ಹಚ್ಚಿಕೊಳ್ಳುತ್ತಿದೆ ಎಂದು ಒಂದೇ ಉಸಿರಿನಲ್ಲಿ ಹೇಳಬಹುದು, ಮೂರೂ ನಿಜವಾಗಿರಬಹುದು. ಕಾಲವೂ ಇದೆ, ಪ್ರಮಾಣವೂ ಇದೆ, ಬದಲಾವಣೆಗೆ ಜಾಗವೂ ಇದೆ.

ಅಟ್ಯಾಚ್‌ಮೆಂಟಿಗೆ 'ಸ್ಟೈಲ್' ಎಂಬ ಬಾಲ ಸೇರಿದಾಗ ಕಳೆದುಹೋದದ್ದು ಈ ಕರ್ಮಪದ. 1987ರಲ್ಲಿ ಹೇಝನ್ ಮತ್ತು ಶೇವರ್ ಈ ವಿಂಗಡಣೆಯನ್ನು ವಯಸ್ಕರ ಪ್ರೇಮಕ್ಕೆ ಹೊಂದಿಸಿದರು, ಪ್ರಶ್ನಾವಳಿಯನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದರು. ಅಲ್ಲಿಂದ ಮುಂದೆ ಪದ ಬೀದಿಗಿಳಿಯಿತು. ಈಗ ಬೆಂಗಳೂರಿನ ಕಾಲೇಜು ಹುಡುಗರೂ 'ನಾನು ಆ್ಯಂಕ್ಷಿಯಸ್', 'ಅವನು ಅವಾಯ್ಡೆಂಟ್' ಎನ್ನುತ್ತಾರೆ, ರಾಶಿ ನಕ್ಷತ್ರ ಹೇಳಿದಷ್ಟು ಖಚಿತವಾಗಿ. ತಮ್ಮ ನೋವಿಗೆ ಒಂದು ಹೆಸರು ಸಿಕ್ಕ ಸಮಾಧಾನ ಅವರಿಗಿರುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ವರ್ಷದ ಮಕ್ಕಳನ್ನು ನೂರಾರು ಗಂಟೆ ನೋಡಿ ಕಂಡುಕೊಂಡ ಸಂಗತಿ, ಯಾರ ಜೊತೆ ಎಂಬ ಪ್ರಶ್ನೆಯನ್ನೇ ಬಿಟ್ಟು, ಮನುಷ್ಯನ ಹಣೆಗೆ ಅಂಟಿಸಿದ ಚೀಟಿಯಾದದ್ದು ನಷ್ಟ. ಇನ್ನೂ ದೊಡ್ಡ ನಷ್ಟ ತಾಯಂದಿರದು. ಮಗು ಅತ್ತರೂ ತಪ್ಪು, ಅಳದಿದ್ದರೂ ತಪ್ಪು ಎಂಬ ಹೆದರಿಕೆಯಲ್ಲಿ ಅವರು ಬದುಕಬೇಕಾಗಿದೆ.

ಕನ್ನಡದ ಪದಕ್ಕೆ ಒಂದು ಆತಂಕದ ಮುಖವೂ ಇದೆ. 'ಮನಸ್ಸಿಗೆ ಹಚ್ಚಿಕೋಬೇಡ' ಎನ್ನುತ್ತೇವೆ. 'ಮಗೂನ ಅಷ್ಟು ಹಚ್ಚಿಕೊಂಡರೆ ಆಮೇಲೆ ಬಿಟ್ಟಿರೋದು ಕಷ್ಟ' ಎಂದು ಅಜ್ಜಿಗೂ ಹೇಳುತ್ತೇವೆ. ಅಂಟಿಯೂ ಅಂಟದಂತಿರಬೇಕು ಎಂಬ ವೈರಾಗ್ಯದ ಪಾಠ ಈ ನೆಲದಲ್ಲಿ ಹಳೆಯದು. ತಿರುಕ್ಕುರಳಿನಲ್ಲಿ ನಮ್ಮ ಪತ್ತುವಿನ ಸೋದರ ಪಱ್ಱು ಬರುವುದೂ ತ್ಯಾಗದ ಅಧ್ಯಾಯದಲ್ಲಿ, ಬಿಡಬೇಕಾದದ್ದಾಗಿ. ಆ ಪಾಠ ದೊಡ್ಡವರಿಗೆ ಇರಲಿ. ಹತ್ತು ತಿಂಗಳ ಮಗುವಿಗೆ ಅದನ್ನು ಅನ್ವಯಿಸಿ, 'ಜಾಸ್ತಿ ಎತ್ತಿಕೋಬೇಡಿ, ಹಚ್ಚಿಕೊಂಡುಬಿಡುತ್ತೆ' ಎಂದು ಬಾಣಂತಿಗೆ ಬುದ್ಧಿ ಹೇಳುವುದು ತಪ್ಪು. ಹಚ್ಚಿಕೊಳ್ಳಲಿ ಎಂದೇ ಎತ್ತಿಕೊಳ್ಳಬೇಕು.

ಹೀಗಿರುವಾಗ ನಮ್ಮ ಕಾನೂನಿನ ಲೆಕ್ಕವನ್ನೂ ನೋಡಿ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಅಂದರೆ ತಾಯಿ ಕೆಲಸಕ್ಕೆ ಮರಳುವ ಹೊತ್ತಿಗೆ ಮಗುವಿಗೆ ಸುಮಾರು ನಾಲ್ಕರಿಂದ ಆರು ತಿಂಗಳು. ಗುರುತು ಹತ್ತಿ, ಹಚ್ಚಿಕೊಳ್ಳತೊಡಗುವ ಹೊಸ್ತಿಲು ಅದು. ಹೊಲದಲ್ಲಿ, ಕಟ್ಟಡದಲ್ಲಿ ದುಡಿಯುವವರಿಗೆ ಅಷ್ಟೂ ರಜೆಯಿಲ್ಲ. ಅವರಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು, ಕೂಸಿನ ಮನೆ ಎಂಬ ಚೆಂದದ ಹೆಸರಿಟ್ಟು. ಅಲ್ಲಿ ಆರೈಕೆ ಮಾಡುವ ಹೆಂಗಸರು ತಿಂಗಳಿಗೊಬ್ಬರಂತೆ ಬದಲಾದರೆ ಕೂಸು ಯಾರನ್ನೂ ಹಚ್ಚಿಕೊಳ್ಳಲಾರದು. ಒಬ್ಬರೇ ವರ್ಷಗಟ್ಟಲೆ ಉಳಿಯುವಂತೆ ಅವರ ಸಂಬಳ, ಗೌರವ ಎರಡೂ ಇರಬೇಕು.

ಅವರಿಗಾಗಿ, ಅಂಗನವಾಡಿ ಕಾರ್ಯಕರ್ತೆಯರಿಗಾಗಿ, ಬಿ.ಎಡ್. ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪುಸ್ತಕ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಬಾಂಧವ್ಯ ಶೈಲಿ, ಅನುಬಂಧದ ವಿಧಗಳು ಎಂದು ಬರೆಯಬೇಡಿ. ನಾಮಪದ ಬೇಕೇಬೇಕಾದರೆ ಹಚ್ಚಿಕೆ ಎನ್ನಿ, ಇಲ್ಲವಾದರೆ ಕ್ರಿಯಾಪದವನ್ನೇ ಇಟ್ಟುಕೊಳ್ಳಿ. ಮಗುವನ್ನು ದಾಖಲು ಮಾಡಿಕೊಳ್ಳುವ ನಮೂನೆಯಲ್ಲಿ ಹೆಸರು, ವಯಸ್ಸು, ತೂಕದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಮಗು ಯಾರು ಯಾರನ್ನು ಹಚ್ಚಿಕೊಂಡಿದೆ?